ಸ್ಮಾರ್ಟ್ ಬೋರ್ಡಿಗೆ ದೃಷ್ಟಿ ತಾಗದಿರಲಿ

ನಮ್ಮೂರ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದ ದಿನ ಕಾಯಿ ಒಡೆದು, ಊದುಬತ್ತಿ ಬೆಳಗಿ ಪೂಜೆ ಮಾಡಿದೆವು. ಪರದೆಯ ನಟ್ಟನಡುವೆ ಕುಂಕುಮ ಇಟ್ಟವರು ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರು. ಅದು ಟಚ್ ಸ್ಕ್ರೀನ್ ಅಂತ ಪಾಪ ಅವರಿಗೇನು ಗೊತ್ತು? ಬೊಟ್ಟು ಬಿದ್ದದ್ದೇ ತಡ, ಬೋರ್ಡು ಗಾಬರಿಯಾಗಿ ಚೀನೀ ಭಾಷೆಗೆ ತಿರುಗಿಕೊಂಡಿತು. ಮೂರು ವಾರ ನಮ್ಮ ಮಕ್ಕಳು ಅದನ್ನೇ ವಿಜ್ಞಾನ ಅಂದುಕೊಂಡಿದ್ದರು.

ಈಗ ಅದಕ್ಕೊಂದು ಹಳೇ ಬೆಡ್‌ಶೀಟಿನ ಮುಸುಕು. ರಿಮೋಟು ಬೀರುವಿನಲ್ಲಿ. ಬೀರುವಿನ ಕೀ ಹೆಡ್‌ಮಾಸ್ಟರ ಜೇಬಿನಲ್ಲಿ. ಹೆಡ್‌ಮಾಸ್ಟರು ಚಳ್ಳಕೆರೆಯ ಮೀಟಿಂಗಿನಲ್ಲಿ. ಮೀಟಿಂಗ್ ಯಾವುದರ ಬಗ್ಗೆ? ತರಗತಿಯಲ್ಲಿ ತಂತ್ರಜ್ಞಾನ ಬಳಸುವುದು ಹೇಗೆ ಅಂತ.

ನಮ್ಮ ಚಳ್ಳಕೆರೆಯೇನು ಸುಮ್ನೆ ತಾಲ್ಲೂಕಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಡಿಆರ್‌ಡಿಓದವರು ಪೈಲಟ್ಟೇ ಇಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿದ್ದಂಥದೇ ಗುಂಡಿ ತೋಡಿ ಲ್ಯಾಂಡರಿನ ಸೆನ್ಸರ್ ಪರೀಕ್ಷೆ ಮಾಡಿದ್ದರು. ಹಾಗಾಗಿ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ನಮಗೆ ನಮ್ಮ ಹೊಲದಲ್ಲೇ ಇಳಿದಷ್ಟು ಖುಷಿ. ಮಕ್ಕಳನ್ನೆಲ್ಲ ಬೋರ್ಡಿನ ಮುಂದೆ ಕೂರಿಸಿದೆವು. ಸುಮಾರು 3.84 ಲಕ್ಷ ಕಿಲೋಮೀಟರ್ ದೂರದ ಚಂದ್ರನಿಂದ ಸಿಗ್ನಲ್ ಬಂತು. ನಮ್ಮೂರಿನ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಬರಲಿಲ್ಲ. ಕೊನೆಗೆ ನಲವತ್ತು ಮಕ್ಕಳೂ ಬಿಸಿಯೂಟದ ಅಕ್ಕನ ಮೊಬೈಲಿನ ಮೇಲೆ ಮುಗಿಬಿದ್ದು ನೋಡಿದರು.

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೋ ಸಿಗುತ್ತದೆ. 2017ರಲ್ಲೇ ಶುರುವಾದದ್ದು, ಒಳ್ಳೇ ಯೋಚನೆ, ಅದನ್ನು ಬೈಯಲಾರೆ. ಆದರೆ ನನ್ನ ಮಗಳು ಆ ಚೌಕಕ್ಕೆ ಪೆನ್ಸಿಲಿನಲ್ಲಿ ಬಾಗಿಲು, ಮೇಲೊಂದು ಹೆಂಚಿನ ಮಾಡು ಬರೆದು ಮನೆ ಕಟ್ಟಿದ್ದಾಳೆ. ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನು ನನ್ನ ಜೊತೆ ಹೊಲಕ್ಕೆ ಹೋಗುತ್ತದೆ, ಅವಳು ಇನ್ನೇನು ಮಾಡಬೇಕು?

ಮೇಷ್ಟ್ರ ಕಥೆ ಬೇರೆ. ಹಾಜರಿ ಆಯ್ತು, ಹಾಲು ಆಯ್ತು, ಮೊಟ್ಟೆ ಆಯ್ತು, ಎಲ್ಲಕ್ಕೂ ಎಂಟ್ರಿ, ಜಾಸ್ತಿ ಕಡೆ ಫೋಟೋ. ಓಟಿಪಿ ಬರುವುದು ಬೇವಿನ ಮರದ ಕೆಳಗೆ ಮಾತ್ರ. ತರಗತಿಯಲ್ಲಿ ಮೇಷ್ಟ್ರು ಕಾಣಲಿಲ್ಲ ಅಂದರೆ ಮಕ್ಕಳೇ ಹೇಳುತ್ತವೆ, "ಸಾರ್ ಮರದ ಹತ್ರ ಅದಾರೆ."

ದಸರಾ ರಜೆ ಮುಗಿದ ಮೇಲೆ ಒಂದು ದಿನ ಮುಸುಕು ತೆಗೆದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬರುವವರಿದ್ದರು. ಕಮಿಟಿ ಮೆಂಬರಾದ ನನಗೂ ಹಿಂದಿನ ಬೆಂಚು ಸಿಕ್ಕಿತು. ಅವತ್ತಿನ ಪಾಠ ಶೇಂಗಾ ಗಿಡ. ಹೂವು ನೆಲದ ಮೇಲೆ, ಕಾಯಿ ಮಣ್ಣಿನೊಳಗೆ ಹೇಗೆ ಅಂತ ವಿಡಿಯೋ. ಹಳದಿ ಹೂವು ಅರಳಿತು. ಅದರ ಬುಡದಿಂದ ಸೂಜಿಯಂಥದ್ದೊಂದು ಹೊರಟು ಕೆಳಗೆ ಬಾಗಿತು. ಇನ್ನೇನು ಮಣ್ಣಿಗೆ ಇಳಿಯಬೇಕು, ಅಷ್ಟರಲ್ಲಿ ವಿಡಿಯೋ ನಿಂತುಕೊಂಡು ಚಕ್ರ ಗಿರಗಿರ ಸುತ್ತತೊಡಗಿತು. ಹತ್ತು ನಿಮಿಷ ಸುತ್ತಿತು. ಕಿಟಕಿಯಾಚೆ ಕಣ್ಣು ಹಾಯಿಸಿದಷ್ಟೂ ಶೇಂಗಾ ಹೊಲ.

ಒಬ್ಬ ಹುಡುಗ ಎದ್ದು ಹೋದ. ಕಾಂಪೌಂಡು ಹಾರಿ, ಒಂದು ಗಿಡ ಬೇರುಸಮೇತ ಕಿತ್ತು ತಂದ. "ಇದೇ ಅಲ್ವಾ ಸಾರ್?" ಸೂಜಿಗಳೂ ಇದ್ದವು, ಮಣ್ಣು ಮೆತ್ತಿದ ಕಾಯಿಗಳೂ ಇದ್ದವು. ಮೇಷ್ಟ್ರ ಮುಖ ಅರಳಿತು. ಗಿಡ ಎತ್ತಿ ಹಿಡಿದು ಎರಡೇ ನಿಮಿಷದಲ್ಲಿ ಪಾಠ ಮುಗಿಸಿದರು. ಸಿಆರ್‌ಪಿ ಮೊಬೈಲ್ ಎತ್ತಿದರು.

"ಸಾರ್, ಗಿಡ ಬೋರ್ಡಿಗೆ ಅಡ್ಡ ಬರ್ತಿದೆ. ಈ ಹುಡುಗನ್ನ ಸ್ವಲ್ಪ ಪಕ್ಕಕ್ಕೆ ನಿಲ್ಸಿ."

ಹುಡುಗ ಪಕ್ಕಕ್ಕೆ ಸರಿದ. ಮಕ್ಕಳೆಲ್ಲ ಗಿರಗಿರ ಸುತ್ತುವ ಚಕ್ರದ ಕಡೆ ಬೆರಗಿನಿಂದ ನೋಡಿದರು, ಹಾಗೆ ನೋಡಿ ಅಂತ ಹೇಳಿದ್ದರು. ಫೋಟೋ ತೆಗೆದು ಮೇಷ್ಟ್ರೂ ಸಿಆರ್‌ಪಿಯೂ ಬೇವಿನ ಮರದತ್ತ ಹೊರಟರು. ಅವರು ಅಪ್‌ಲೋಡ್ ಮಾಡಿ ಬರುವಷ್ಟರಲ್ಲಿ ಹುಡುಗ ಕಾಯಿ ಬಿಡಿಸಿ ಬೆಂಚಿಗೆಲ್ಲ ಹಂಚಿದ್ದ. ನನಗೂ ಎರಡು ಕೊಟ್ಟ.