ಹುಡುಗ ಓಡೋದ್ರೂ ಛತ್ರದ ಅಡ್ವಾನ್ಸ್ ಕೊಟ್ಟಾಗಿದೆಯಲ್ಲ

ಮುಹೂರ್ತಕ್ಕೆ ಎರಡು ದಿನ ಮುಂಚೆ ಹುಡುಗ ಪರಾರಿ ಆಗಿದಾನೆ, ಆದ್ರೆ ಛತ್ರ ಬುಕ್ ಆಗಿದೆ, ಅಡುಗೆ ಭಟ್ರು ಬಂದು ಬೂಂದಿ ಕರೀತಾ ಇದಾರೆ, ವಾಲಗದವ್ರು ಡೋಲು ಬಿಗಿ ಮಾಡ್ಕೊಂಡು ಕೂತಿದಾರೆ, ಕಾರ್ಡು ಹಂಚಿ ಆಗಿದೆ, ಈಗ ಬೇಡ ಅಂದ್ರೆ ಮರ್ಯಾದೆ ಪ್ರಶ್ನೆ, ಹಾಗಾಗಿ ಸಿಕ್ಕಿದ ಯಾರನ್ನಾದ್ರೂ ತಂದು ಹಸೆಮಣೆ ಮೇಲೆ ಕೂರಿಸಿಬಿಡೋಣ ಅಂತ ಹಿರಿಯರು ತೀರ್ಮಾನ ಮಾಡೋ ಸೀನು ಸೀರಿಯಲ್ಲಲ್ಲಿ ನೋಡಿರ್ತೀರಿ. ಇದೇ ಸ್ಕ್ರಿಪ್ಟ್ ಹಿಡ್ಕೊಂಡು ಅಫ್ಘಾನಿಸ್ತಾನ ಅನ್ನೋ ಒಂದು ದೇಶದ ಮೇಲೆ ದಂಡೆತ್ತಿ ಹೋದ ಮಹಾನುಭಾವರಿದ್ರು. 1838, ಶಿಮ್ಲಾ. ಮನೆ ಯಜಮಾನ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್.

ಸಾಹೇಬ್ರಿಗೆ ಕಲ್ಕತ್ತಾದಲ್ಲಿ ಒಂದು ಕೌನ್ಸಿಲ್ ಇತ್ತು, ದೊಡ್ಡ ವಿಷಯ ಏನಿದ್ರೂ ಅಲ್ಲಿ ಚರ್ಚೆ ಆಗ್ಬೇಕು. ಆದ್ರೆ ಕೌನ್ಸಿಲ್‌ನೋರು ಅಲ್ಲೇ ಬೆವರ್ತಾ ಇರ್ಲಿ ಅಂತ ಬಿಟ್ಟು ಇವ್ರು ಇಬ್ರು ತಂಗಿಯರನ್ನ, ಮೂರ್ನಾಲ್ಕು ಸೆಕ್ರೆಟರಿಗಳನ್ನ ಕಟ್ಕೊಂಡು ಬೆಟ್ಟ ಹತ್ತಿದ್ರು. ಅಲ್ಲಿ ತಂಪಿಗೆ ಕೂತು ಮ್ಯಾಪ್ ಬಿಡಿಸಿದ್ರೆ ರಷ್ಯಾ ಅನ್ನೋದು ಪಕ್ಕದ್ಮನೆ ಕಾಂಪೌಂಡಿನಷ್ಟು ಹತ್ರ ಕಾಣುತ್ತೆ. ಪರ್ಷಿಯಾದ, ಅಂದ್ರೆ ಇವತ್ತಿನ ಇರಾನಿನ, ಶಾ 1837ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಪಶ್ಚಿಮ ತುದಿಯ ಹೆರಾತ್ ಊರಿಗೆ ಮುತ್ತಿಗೆ ಹಾಕಿದ್ದ, ಅವನ ಬೆನ್ನ ಹಿಂದೆ ರಷ್ಯಾದೋರು ನಿಂತಿದ್ರು, ಇವತ್ತು ಹೆರಾತ್ ನಾಳೆ ಕಂದಹಾರ್ ನಾಡಿದ್ದು ಕಾಬೂಲ್ ಆಮೇಲೆ ದೆಹಲಿ, ಅಯ್ಯೋ ಮುಗೀತು ಕಥೆ. ನಡುವೆ ಇರೋ ಮರಳು, ಹಿಮ, ಕಣಿವೆ ಇವೆಲ್ಲ ಮ್ಯಾಪಲ್ಲಿ ಕಂದು ಬಣ್ಣದ ನಾಲ್ಕು ಗೀರು ಅಷ್ಟೆ.

ಸರಿ, ಕಾಬೂಲಿನ ಅಮೀರ ದೋಸ್ತ್ ಮೊಹಮ್ಮದ್‌ನನ್ನ ನಮ್ಮ ಕಡೆ ಮಾಡ್ಕೊಳ್ಳೋಣ ಅಂತ ಅಲೆಕ್ಸಾಂಡರ್ ಬರ್ನ್ಸ್ ಅನ್ನೋ ಬುದ್ಧಿವಂತ ಹುಡುಗನ್ನ ಕಳಿಸಿದ್ರು. 1837ರ ಸೆಪ್ಟೆಂಬರ್‌ನಲ್ಲಿ ಅವ್ನು ಕಾಬೂಲ್ ತಲುಪ್ದ. ಉಡುಗೊರೆ ಏನು ತಗೊಂಡು ಹೋದ ಗೊತ್ತಾ? ಒಂದು ಪಿಸ್ತೂಲು, ಒಂದು ದುರ್ಬೀನು, ಅಂತಃಪುರದ ಹೆಂಗಸರಿಗೆ ಗುಂಡುಸೂಜಿ, ಸೂಜಿ, ಕತ್ತರಿ. ಜಾತ್ರೇಲಿ ಬಳೆಗಾರನ ಗಾಡಿ ಮುಂದೆ ನಿಂತು ಐದು ನಿಮಿಷದಲ್ಲಿ ತರೋ ಸಾಮಾನು ಸ್ವಾಮಿ. ಹಿಂದೆ 1809ರಲ್ಲಿ ಎಲ್ಫಿನ್‌ಸ್ಟನ್ ಅನ್ನೋ ಕಂಪನಿ ರಾಯಭಾರಿ ಅಫ್ಘಾನ್ ದೊರೆಗೆ ಕೈ ತುಂಬ ಹೊತ್ಕೊಂಡು ಹೋಗಿದ್ದು ಆ ದೇಶದೋರಿಗೆ ಇನ್ನೂ ನೆನಪಿತ್ತು, ಈ ಸಲ ಸೂಜಿ ನೋಡಿ ಅವ್ರು ಏನಂದ್ಕೊಂಡಿರ್ಬೇಡ.

ದೋಸ್ತ್ ಮೊಹಮ್ಮದ್ ಕೇಳಿದ್ದು ಒಂದೇ. ಪೇಶಾವರವನ್ನ ಸಿಖ್ಖರು ಕಿತ್ಕೊಂಡಿದಾರೆ, ಅದನ್ನ ವಾಪಸ್ ಕೊಡಿಸಿ, ರಷ್ಯಾ ಮುಖಾನೂ ನೋಡಲ್ಲ. ಅದಕ್ಕೆ ಆಕ್ಲೆಂಡ್ ಸಾಹೇಬ್ರ ಉತ್ತರ ಏನಪ್ಪಾ ಅಂದ್ರೆ, ನೀನು ರಷ್ಯಾ ಜೊತೆ ಮಾತಾಡ್ಬೇಡ, ಪರ್ಷಿಯಾ ಜೊತೆ ಮಾತಾಡ್ಬೇಡ, ಪೇಶಾವರದ ಆಸೆ ಬಿಡು, ಸಿಖ್ಖರ ಮಹಾರಾಜ ರಣಜಿತ್ ಸಿಂಗ್ ಜೊತೆ ಸಮಾಧಾನವಾಗಿರು, ಬದಲಿಗೆ ನಮ್ಮ ಸದ್ಭಾವನೆ ಇರುತ್ತೆ. ಅಷ್ಟೆ. ಅಷ್ಟರಲ್ಲಿ ವಿಟ್ಕೆವಿಚ್ ಅನ್ನೋ ಒಬ್ಬ ರಷ್ಯನ್ ಆಫೀಸರ್ ಕಾಬೂಲಿಗೆ ಬಂದಿಳಿದ. ಬರ್ನ್ಸ್ ಅವನನ್ನ ಕ್ರಿಸ್‌ಮಸ್ ದಿನ ಕರೆದು ಊಟ ಹಾಕ್ದ, ಇಬ್ರೂ ಚೆನ್ನಾಗೇ ಮಾತಾಡ್ಕೊಂಡ್ರು. ಜಗಳ ಆಗ್ಬೇಕಾದೋರು ಅನ್ನ ಹಂಚ್ಕೊಂಡು ತಿಂದ್ರು, ನೂರಾರು ಮೈಲಿ ಆಚೆ ಕೂತೋರಿಗೆ ಭೇದಿ ಹತ್ಕೊಳ್ತು.

ಬರ್ನ್ಸ್ ಬರಿಗೈಲಿ ವಾಪಸ್ ಬಂದು ಜುಲೈನಲ್ಲಿ ಶಿಮ್ಲಾ ಹತ್ತಿದಾಗ ನಡೆದದ್ದು ನನಗೆ ಈ ಇಡೀ ಕಥೇಲಿ ಫೇವರಿಟ್. ಇದನ್ನ ಬರೆದಿಟ್ಟೋನು ಕಾಬೂಲಲ್ಲಿ ಕಂಪನಿಗೆ ಸುದ್ದಿ ಬರೆದು ಕಳಿಸ್ತಿದ್ದ ಚಾರ್ಲ್ಸ್ ಮ್ಯಾಸನ್, ಅವನಿಗೆ ಈ ಜನರ ಮೇಲೆ ಸಿಟ್ಟಿತ್ತು, ಅದನ್ನ ಕಳೆದೇ ಓದಿ. ಆಕ್ಲೆಂಡ್ ರೂಮಿಗೆ ಹೋಗೋ ಮುಂಚೆ ಕಾಲ್ವಿನ್, ಟಾರೆನ್ಸ್ ಅನ್ನೋ ಇಬ್ರು ಸೆಕ್ರೆಟರಿಗಳು ಓಡಿ ಬಂದು, ಸಾಹೇಬ್ರ ಮನಸ್ಸು ಕೆಡಿಸೋ ಮಾತು ಏನೂ ಆಡ್ಬೇಡ ಮಾರಾಯ, ಅವ್ರನ್ನ ಈ ಕೆಲಸಕ್ಕೆ ಒಪ್ಪಿಸೋಷ್ಟರಲ್ಲಿ ನಮಗೆ ಸಾಕುಸಾಕಾಗಿದೆ, ಈಗ್ಲೂ ಒಂದು ನೆಪ ಸಿಕ್ರೆ ಹಿಂದೆ ಸರಿದುಬಿಡ್ತಾರೆ, ಅಂತ ಕೈ ಮುಗಿದ್ರಂತೆ. ಸ್ಥಳ ನೋಡಿ ಬಂದಿರೋನು ಒಬ್ನೇ ಒಬ್ಬ, ಅವನ ಕೆಲಸ ಬಾಯಿ ಮುಚ್ಕೊಂಡಿರೋದು. ಅವನೂ ಮುಚ್ಕೊಂಡ. ಆ ವರ್ಷವೇ ಸರ್ ಪದವಿ ಬಂತು.

ದೋಸ್ತ್ ಬೇಡ ಅಂದ್ಮೇಲೆ ಹಸೆಮಣೆಗೆ ಇನ್ನೊಬ್ಬ ಬೇಕಲ್ಲ. ಲೂಧಿಯಾನದಲ್ಲಿ ಕಂಪನಿ ಪೆನ್ಷನ್ ತಿಂದ್ಕೊಂಡು ಶಾ ಶುಜಾ ಅಂತ ಒಬ್ಬ ಮಾಜಿ ದೊರೆ ಇದ್ದ. 1809ರಲ್ಲೇ ಗದ್ದುಗೆ ಕಳ್ಕೊಂಡೋನು, ವಾಪಸ್ ತಗೊಳ್ಳೋಕೆ ಹೋಗಿ ಹೋಗಿ ಒದೆ ತಿಂದು ಬಂದೋನು, ಕೊನೇ ಸಲ ಒದೆ ಬಿದ್ದು ಇನ್ನೂ ನಾಲ್ಕು ವರ್ಷ ಆಗಿತ್ತು. ಠೇವಣಿ ಕಳ್ಕೊಂಡ ಕ್ಯಾಂಡಿಡೇಟಿಗೇ ಮತ್ತೆ ಟಿಕೆಟ್. ಅಫ್ಘಾನ್ ಜನ ಇವನಿಗಾಗಿ ಹಾತೊರೀತಿದಾರೆ ಅಂತ ಶಿಮ್ಲಾದಲ್ಲಿ ಸರ್ವೆ ರಿಸಲ್ಟು. ಸರ್ವೆ ಮಾಡಿದ್ದು ಯಾರು? ವಿಲಿಯಂ ಮ್ಯಾಕ್‌ನಾಟನ್, ಪೊಲಿಟಿಕಲ್ ಸೆಕ್ರೆಟರಿ, ನೀಲಿ ಕನ್ನಡಕದ ಪಂಡಿತ, ಪರ್ಷಿಯನ್ ಅರಬ್ಬಿ ಎಲ್ಲ ಲೀಲಾಜಾಲ, ಕಾಬೂಲ್ ಮಾತ್ರ ನೋಡಿರ್ಲಿಲ್ಲ.

ಆಮೇಲೆ ಒಪ್ಪಂದ. ರಣಜಿತ್ ಸಿಂಗ್, ಕಂಪನಿ, ಶುಜಾ ಮೂರೂ ಜನದ್ದು, 1838ರ ಜೂನ್ 26. ಈ ರಣಜಿತ್ ಯಾರು ಅಂದ್ರೆ 1813ರಲ್ಲಿ ಇದೇ ಶುಜಾನ ಕೈಯಿಂದ ಕೊಹಿನೂರ್ ವಜ್ರ ಕಿತ್ಕೊಂಡೋನು. ಈಗ ಇಬ್ರೂ ಪರಮ ಮಿತ್ರರು ಅಂತ ಕಾಗದದಲ್ಲಿದೆ. ಪೇಶಾವರ ಯಾರಿಗೆ? ರಣಜಿತ್‌ಗೇ, ಖಾಯಂ. ಅಂದ್ರೆ ದೋಸ್ತ್ ಮೊಹಮ್ಮದ್ ಯಾವ್ದನ್ನ ಕೇಳಿ ವಿಲನ್ ಆದ್ನೋ ಅದನ್ನ ಬಿಟ್ಕೊಟ್ಟಿದ್ದಕ್ಕೆ ಶುಜಾ ಹೀರೋ. ಇಷ್ಟೇ ಆಗಿದ್ರೆ ರಾಜಕೀಯ ಅಂತ ಸುಮ್ನಾಗ್ಬಹುದಿತ್ತು, ಆದ್ರೆ ಅದರಲ್ಲಿ ಒಂದು ಕಲಂ ಇದೆ, ದಯವಿಟ್ಟು ಗಮನ ಇಟ್ಟು ಓದಿ. ಶುಜಾ ಗದ್ದುಗೆ ಏರಿದ ಮೇಲೆ ವರ್ಷಾ ವರ್ಷಾ ರಣಜಿತ್‌ಗೆ 55 ಜಾತಿ ಕುದುರೆ, 11 ಪರ್ಷಿಯನ್ ಕತ್ತಿ, 25 ಹೇಸರಗತ್ತೆ ಕಳಿಸ್ಬೇಕು, ಜೊತೆಗೆ ದ್ರಾಕ್ಷಿ, ದಾಳಿಂಬೆ, ಸೇಬು, ಬಾದಾಮಿ, ಪಿಸ್ತಾ, ಕಿನ್ಕಾಪು, ಜಮಖಾನ, ಮತ್ತು ಕರ್ಬೂಜ ಹಣ್ಣು. ಬರೀ ಕರ್ಬೂಜ ಅಲ್ಲ, ಸಿಹಿಯಾದ, ನವಿರಾದ ರುಚಿ ಇರೋ ಕರ್ಬೂಜ, ಕಾಬೂಲ್ ನದಿ ಮೇಲೆ ಪೇಶಾವರಕ್ಕೆ, ವರ್ಷ ಪೂರ್ತಿ. ಸಾವಿರಾರು ಜನರನ್ನ ಸಾಯೋಕೆ ಕಳಿಸೋ ಡಾಕ್ಯುಮೆಂಟಲ್ಲಿ ಕರ್ಬೂಜ ಸಪ್ಪೆ ಇರ್ಬಾರ್ದು ಅಂತ ಕಂಡೀಶನ್ ಹಾಕ್ಸಿದ ಆ ಒಕ್ಕಣ್ಣ ಮಹಾರಾಜನಿಗೆ ನನ್ನ ಸಾಷ್ಟಾಂಗ. ಇಡೀ ಮೀಟಿಂಗಲ್ಲಿ ತನಗೆ ಏನು ಬೇಕು ಅಂತ ಗೊತ್ತಿದ್ದೋನು ಅವನೊಬ್ನೇ.

ಎಸ್ಟಿಮೇಟ್ ಹೇಗೆ ಬೆಳೀತು ನೋಡಿ. ಶುಜಾನ ಜೊತೆ ಒಬ್ಬ ಏಜೆಂಟು, ಗೌರವಕ್ಕೆ ಎರಡು ರೆಜಿಮೆಂಟು ಸಾಕು ಅಂತ ಬರ್ನ್ಸ್ ಬರೆದಿದ್ದ. ನಮ್ಮೂರಲ್ಲಿ ಮೋರಿ ಕಾಂಟ್ರಾಕ್ಟು ಊದ್ಕೊಳ್ಳೋ ಹಾಗೆ ಅದು ಊದ್ಕೊಂಡು ಬಂಗಾಳ, ಬಾಂಬೆ ಎರಡೂ ಕಡೆಯಿಂದ ಪಡೆ ಹೊರಡೋ ಮಟ್ಟಕ್ಕೆ ಬಂತು. ಹೆಸರು ಸಿಂಧೂ ಸೈನ್ಯ. ಪರಮ ಮಿತ್ರ ರಣಜಿತ್, ನನ್ನ ಪಂಜಾಬಿನೊಳಗೆ ನಿಮ್ಮ ಸೈನ್ಯ ಕಾಲಿಡೋದು ಬೇಡ ಅಂದ. ಹಾಗಾಗಿ ಹುಬ್ಬಳ್ಳಿಯಿಂದ ಬೆಳಗಾವಿಗೆ ಮಂಗಳೂರು ಮೇಲೆ ಹೋದಂಗೆ, ಫಿರೋಜ್‌ಪುರದಿಂದ ಕೆಳಗೆ ಸಿಂಧ್‌ಗೆ ಇಳಿದು, ಬೋಲಾನ್ ಕಣಿವೆ ಹತ್ತಿ, ಕಂದಹಾರ್ ಸುತ್ಕೊಂಡು ಕಾಬೂಲ್. ಸಿಂಧ್‌ನ ಅಮೀರರ ಜೊತೆ 1832ರ ಒಪ್ಪಂದ ಇತ್ತು, ಮಿಲಿಟರಿ ಸಾಮಾನು ಆ ದಾರೀಲಿ ಸಾಗಿಸಲ್ಲ ಅಂತ. ಅದನ್ನ ಮಡಚಿ ಜೇಬಿಗಿಟ್ಕೊಂಡ್ರು. ಅದರ ಮೇಲೆ ಶುಜಾಗೆ ಹಳೇ ಕಪ್ಪದ ಬಾಕಿ ಕಟ್ಟಿ ಅಂತ ಅವ್ರಿಗೇ ನೋಟೀಸು, ಅದರಲ್ಲಿ 15 ಲಕ್ಷ ರಣಜಿತ್‌ಗೆ. ಪಾಪ ಅಮೀರರು ಕುರಾನ್ ಪ್ರತಿ ತಂದು ಬಿಡಿಸಿ ತೋರಿಸಿದ್ರು, ನೋಡಿ ಇಲ್ಲಿದೆ ಶುಜಾನ ಮೊಹರು, ಇನ್ನು ಏನೂ ಬಾಕಿ ಇಲ್ಲ ಅಂತ ಅವನೇ ಬರ್ಕೊಟ್ಟಿದಾನೆ. ರಸೀತಿ ಇದ್ರೂ ಮತ್ತೆ ದುಡ್ಡು ಕಟ್ಟಿಸ್ಕೊಳ್ಳೋ ಕೌಂಟರ್ ಮುಂದೆ ನಿಂತು ಅಭ್ಯಾಸ ಇರೋರಿಗೆ ಮುಂದಿಂದು ಹೇಳ್ಬೇಕಾಗಿಲ್ಲ.

ಅಕ್ಟೋಬರ್ 1, 1838. ಶಿಮ್ಲಾ ಘೋಷಣೆ ಹೊರಬಂತು, ಯುದ್ಧದ ಲಗ್ನಪತ್ರಿಕೆ. ಹೆರಾತ್ ಮುತ್ತಿಗೆ, ಪರ್ಷಿಯಾದ ದುರುದ್ದೇಶ, ದೋಸ್ತ್‌ನ ದ್ರೋಹ ಎಲ್ಲ ಇದೆ. ಶುಜಾ ತನ್ನ ಸ್ವಂತ ಪಡೆ ಜೊತೆ ಊರು ಪ್ರವೇಶ ಮಾಡ್ತಾನೆ ಅಂತಾನೂ ಇದೆ, ಆ ಸ್ವಂತ ಪಡೆ ಅಂದ್ರೆ ಲೂಧಿಯಾನದಲ್ಲಿ ಕಂಪನಿ ದುಡ್ಡಲ್ಲಿ ಸೇರಿಸಿ ಬ್ರಿಟಿಷ್ ಆಫೀಸರ್‌ಗಳ ಕೈಗೆ ಕೊಟ್ಟ ಸುಮಾರು ಆರು ಸಾವಿರ ಜನ. ಇರ್ಲಿ. ತಮಾಷೆ ಏನಂದ್ರೆ, ಪರ್ಷಿಯಾದ ಶಾ ಸೆಪ್ಟೆಂಬರ್ 9ಕ್ಕೇ ಹೆರಾತ್ ಬಿಟ್ಟು ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗಿದ್ದ! ಲಗ್ನಪತ್ರಿಕೆಗೆ ಸಹಿ ಬಿದ್ದಾಗ ಹುಡುಗ ಓಡೋಗಿ 22 ದಿನ. ಸುದ್ದಿ ಬರೋಕೆ ಟೈಮ್ ಬೇಕಿತ್ತು, ಒಪ್ಕೊಳ್ಳೋಣ. ಆದ್ರೆ ಸುದ್ದಿ ಬಂತಲ್ಲ ಆಮೇಲೆ? ನವೆಂಬರ್ 8ಕ್ಕೆ ಇನ್ನೊಂದು ಆರ್ಡರು: ಕಾರಣ ಹೋಗಿದೆ ನಿಜ, ಆದ್ರೂ ಹೋಗೋದು ಹೋಗೋದೇ, ಸ್ವಲ್ಪ ಕಮ್ಮಿ ಜನ ಹೋಗ್ತೀವಿ. ಕಮ್ಮಿ ಮಾಡೋದು ಹೇಗೆ? ಯಾವ ರೆಜಿಮೆಂಟ್ ಹೋಗ್ಬೇಕು ಯಾವ್ದು ಉಳೀಬೇಕು ಅಂತ ಸೇನಾಪತಿ ಫೇನ್ ಚೀಟಿ ಎತ್ತಿಸಿದ. ಹೌದು, ಚೀಟಿ. ನಮ್ಮ ಏರಿಯಾದ ಹೆಂಗಸರು ಚೀಟಿ ವ್ಯವಹಾರ ಮಾಡೋವಾಗ್ಲೂ ಇದಕ್ಕಿಂತ ಜಾಸ್ತಿ ಯೋಚ್ನೆ ಮಾಡ್ತಾರೆ.

ಇನ್ನು ಪ್ಯಾಕಿಂಗು. ಬಂಗಾಳದ ಪಡೇಲಿ ಸೈನಿಕರು ಸುಮಾರು 9,500, ಹಿಂದೆ ಬಂದ ಪರಿವಾರ 38,000, ಒಂಟೆ 30,000. ಒಬ್ಬ ಬ್ರಿಗೇಡಿಯರ್ ಸಾಹೇಬ್ರ ಸ್ವಂತ ಸಾಮಾನಿಗೇ 60 ಒಂಟೆ. ಒಂದು ರೆಜಿಮೆಂಟಿನ ಚುಟ್ಟಾ ಹೊರೋಕೆ ಎರಡು ಒಂಟೆ, ಮನಿಲಾ ಚುಟ್ಟಾ, ಲೋಕಲ್ ಅಲ್ಲ. 16ನೇ ಲ್ಯಾನ್ಸರ್ಸ್‌ನೋರು ನರಿ ಬೇಟೆಗೆ ಅಂತ ನಾಯಿಗಳ ಹಿಂಡನ್ನೇ ಕರ್ಕೊಂಡು ಹೊರಟ್ರು. ಬೋಲಾನ್ ದಾರೀಲಿ ಒಂಟೆ ಸಾಲು ಸಾಲಾಗಿ ಸತ್ತು, ಪರಿವಾರದ ಬಡಪಾಯಿಗಳು ಹುರಿದ ಕುರಿಚರ್ಮ ತಿಂದ್ಕೊಂಡು ನಡೆದ್ರು ಅನ್ನೋವಾಗ ಈ ಚುಟ್ಟಾ ಒಂಟೆಗಳ ನೆನಪಾಗಿ ಹೊಟ್ಟೆ ಉರಿಯುತ್ತೆ.

ಬೀಳ್ಕೊಡುಗೆ ಸಮಾರಂಭ ನವೆಂಬರ್ ಕೊನೇಲಿ ಫಿರೋಜ್‌ಪುರದಲ್ಲಿ. ಆಕ್ಲೆಂಡ್‌ನ ತಂಗಿ ಎಮಿಲಿ ಕೈಯಾರೆ ಬರೆದ ವಿಕ್ಟೋರಿಯಾ ರಾಣಿ ಚಿತ್ರ ರಣಜಿತ್‌ಗೆ ಕೊಟ್ರು, ಆನೆ, ಸಲಾಮು, ತೋಪು ಎಲ್ಲ ಆಯ್ತು, ನೂಕುನುಗ್ಗಲಲ್ಲಿ ಮಹಾರಾಜ ಬ್ರಿಟಿಷ್ ಫಿರಂಗಿ ಮುಂದೆ ರಾಶಿ ಹಾಕಿದ್ದ ಗುಂಡುಗಳಿಗೆ ಎಡವಿ ಮುಖ ಅಡಿಯಾಗಿ ಬಿದ್ದ. ಶಕುನ ನೋಡೋರು ನೋಡಿದ್ರು, ಮುನ್ಷಿಗಳು ನೋಡ್ಲಿಲ್ಲ.

ಬೇಡ ಅಂದೋರು ಇರ್ಲಿಲ್ವಾ? ಇದ್ರು. ಕಾಬೂಲ್ ತಗೊಳ್ಳೋದು ಕಷ್ಟ ಅಲ್ಲ, ಆ ಬಡ, ಚಳಿ ದೇಶದಲ್ಲಿ ಶುಜಾನನ್ನ ಉಳಿಸೋದು ಆಗದ ಮಾತು ಅಂತ ಆ ಹಳೇ ಎಲ್ಫಿನ್‌ಸ್ಟನ್ನೇ ಹೇಳಿದ್ದ. ಯುದ್ಧ ಗೆದ್ದ ಮೇಲೇ ನಿಮ್ಮ ಕಷ್ಟ ಶುರು ಅಂತ ವೆಲಿಂಗ್ಟನ್, ನಮ್ಮ ಶ್ರೀರಂಗಪಟ್ಟಣದ ಮುತ್ತಿಗೇಲಿದ್ದ ಅದೇ ವೆಲಿಂಗ್ಟನ್. ದಾರೀಲಿ ಬಲೂಚಿಸ್ತಾನದ ಕಲಾತ್‌ನ ದೊರೆ ಮೆಹ್ರಾಬ್ ಖಾನ್ ಬರ್ನ್ಸ್‌ಗೆ ನೇರವಾಗೇ ಕೇಳ್ದ: ಸೈನ್ಯ ಒಳಗೆ ತಂದ್ರಿ, ಸರಿ, ಹೊರಗೆ ಹೇಗೆ ತಗೊಂಡು ಹೋಗ್ತೀರಿ? ಉತ್ತರ ಯಾರೂ ಕೊಡ್ಲಿಲ್ಲ, 1839ರ ನವೆಂಬರ್‌ನಲ್ಲಿ ಅವನ ಕೋಟೆಗೇ ನುಗ್ಗಿದ್ರು, ಅವನು ಕಾದಾಡ್ತಾನೇ ಸತ್ತ.

ಬ್ರಿಟಿಷ್ ಪಾರ್ಲಿಮೆಂಟಲ್ಲಿ ಕೇಳಿದಾಗ ಕಾಗದಪತ್ರ ಅಚ್ಚು ಹಾಕಿಸಿದ್ರು, ಬರ್ನ್ಸ್ ಪತ್ರಗಳಲ್ಲಿ ದೋಸ್ತ್ ಪರವಾಗಿದ್ದ ಸಾಲುಗಳಿಗೆಲ್ಲ ಕತ್ತರಿ. ಪೂರ್ತಿ ಪತ್ರ ಹೊರಬಂದಿದ್ದು 1859ರಲ್ಲಿ, ಅಷ್ಟೊತ್ತಿಗೆ ಬರ್ನ್ಸ್ ಕಾಬೂಲಲ್ಲಿ ಸತ್ತು ಹದಿನೆಂಟು ವರ್ಷ. ಕಾಬೂಲಿಗೆ ಒಯ್ದ ಕತ್ತರಿಗಿಂತ ಇದು ಹರಿತ ಇತ್ತು.

ಕಾಬೂಲಂತೂ 1839ರ ಆಗಸ್ಟ್ 7ಕ್ಕೆ ಸಿಕ್ತು. 1842ರ ಜನವರಿಲಿ ಅಲ್ಲಿಂದ ಹೊರಟ ಹದಿನಾರು ಸಾವಿರ ಜನ ಹೆಚ್ಚುಕಮ್ಮಿ ಎಲ್ರೂ ದಾರೀಲೇ ಸತ್ರು ಇಲ್ಲ ಸೆರೆ ಸಿಕ್ರು, ಅದನ್ನ ತಮಾಷೆ ಮಾಡೋ ಧೈರ್ಯ ನನಗಿಲ್ಲ. ಶುಜಾನನ್ನ ಏಪ್ರಿಲ್‌ನಲ್ಲಿ ಕೊಂದ್ರು. ಅಕ್ಟೋಬರ್ 1, 1842, ಅದೇ ಶಿಮ್ಲಾ, ಅದೇ ತಾರೀಖು, ಹೊಸ ಗವರ್ನರ್ ಜನರಲ್ ಎಲೆನ್‌ಬರೋ ಹೊಸ ಘೋಷಣೆ ಹೊರಡಿಸ್ದ: ಒಲ್ಲದ ಜನರ ಮೇಲೆ ದೊರೆಯನ್ನ ಹೇರೋದು ನಮ್ಮ ನೀತಿ ಅಲ್ಲ. ದೋಸ್ತ್ ಮೊಹಮ್ಮದ್ ವಾಪಸ್ ಹೋಗಿ ಅದೇ ಗದ್ದುಗೆ ಮೇಲೆ ಕೂತ.

ಮತ್ತೆ ಕರ್ಬೂಜ? ರಣಜಿತ್ 1839ರ ಜೂನ್ 27ಕ್ಕೇ ತೀರ್ಕೊಂಡ. ಶುಜಾ ಆಗಿನ್ನೂ ಕಾಬೂಲಿನ ದಾರೀಲೇ ಇದ್ದ. ಒಂದು ಹೋಳೂ ಬರ್ಲಿಲ್ಲ.