ಕೈ ಹಿಂದೆ ಕಟ್ಕೊಂಡು ನಿಂತು ದಾರಿ ತೋರ್ಸೋರು

ನಮ್ಮ ಆಫೀಸ್‌ಗಳಲ್ಲಿ ಒಳ್ಳೆ ಸೀನಿಯರ್ ಅಂದ್ರೆ ಯಾರು ಅಂತ ಕೇಳಿ ನೋಡಿ, ಹೆಚ್ಚಿನವರು ಹೇಳೋದು ಒಂದೇ, ಯಾವ ಪ್ರಾಬ್ಲಮ್ ತಗೊಂಡು ಹೋದ್ರೂ ತಕ್ಷಣ ಬಗೆಹರಿಸಿ ಕೊಡ್ತಾರಪ್ಪ, ಎಷ್ಟು ತಿಳ್ಕೊಂಡಿದಾರೆ ಗೊತ್ತಾ, ಅಂತ. ಅಂಥವರ ಕೈಕೆಳಗೆ ನಾನೂ ಕೆಲಸ ಮಾಡಿದೀನಿ, ಇವತ್ತಿಗೂ ಅವರ ಮೇಲೆ ತುಂಬಾ ಗೌರವ ಇದೆ. ಆದ್ರೆ ಹೊರದೇಶಕ್ಕೆ ಬಂದು ಬೇರೆ ಥರದ ಹಿರಿಯರನ್ನ ನೋಡಿದ ಮೇಲೆ ಒಂದು ಪ್ರಶ್ನೆ ತಲೇಲಿ ಕೂತ್ಬಿಟ್ಟಿದೆ. ಅವರು ಬಗೆಹರಿಸಿ ಕೊಟ್ಟಿದ್ದೆಲ್ಲ ಸರಿ, ಅವರ ಟೀಮಲ್ಲಿ ಇದ್ದೋರು ಎಷ್ಟು ಜನ ತಾವಾಗೇ ಬಗೆಹರಿಸೋ ಮಟ್ಟಕ್ಕೆ ಬಂದ್ರು?

ನಾನೀಗ ಇರೋದು ಜರ್ಮನಿಲಿ, ಮೆಷಿನ್ ತಯಾರಿಸೋ ಕಂಪನಿಲಿ ಕೆಲಸ, ನಮ್ಮ ಡಿಸೈನ್ ಸೆಕ್ಷನ್ ಪಕ್ಕದಲ್ಲೇ ಟ್ರೈನಿ ಹುಡುಗರ ವರ್ಕ್‌ಶಾಪ್ ಇದೆ. ಅಲ್ಲಿ ಹುಡುಗರಿಗೆ ಕೆಲಸ ಕಲಿಸೋ ಒಬ್ರು ಮೈಸ್ಟರ್ ಇದಾರೆ, ಮೈಸ್ಟರ್ ಅಂದ್ರೆ ತಮ್ಮ ಕಸುಬಿನ ಉನ್ನತ ಪರೀಕ್ಷೆ ಪಾಸಾದ ನುರಿತ ಕೆಲಸಗಾರ. ಒಂದ್ಸಲ ಒಬ್ಬ ಹುಡುಗ ಲೇತ್ ಮೇಲೆ, ಅಂದ್ರೆ ಲೋಹನ ತಿರುಗಿಸ್ತಾ ಕೆತ್ತೋ ಮೆಷಿನ್ ಮೇಲೆ, ಉದ್ದನೆ ಶಾಫ್ಟ್ ಟರ್ನಿಂಗ್ ಮಾಡ್ತಿದ್ದ, ಸ್ವಲ್ಪ ಹೊತ್ತಿಗೆ ಮೆಷಿನ್ ಕಿರ್ರೋ ಅಂತ ಕಿರುಚೋಕೆ ಶುರು ಮಾಡ್ತು, ಶಾಫ್ಟ್ ಮೇಲೆಲ್ಲ ಅಲೆ ಅಲೆಯಾಗಿ ಗುರುತು. ಚಾಟರ್ ಅಂತೀವಿ ಇದಕ್ಕೆ. ಮೈಸ್ಟರ್ ಬಂದು ಪಕ್ಕದಲ್ಲಿ ನಿಂತ್ರು, ಎರಡೂ ಕೈ ಹಿಂದೆ ಕಟ್ಕೊಂಡು. ಮೆಷಿನ್ ನಿಲ್ಲಿಸಿ ಕೇಳಿದ್ದು ಇಷ್ಟೇ, "ಯಾವ ಜಾಗದಲ್ಲಿ ಶುರುವಾಯ್ತು?" ಹುಡುಗ ತುದಿ ಕಡೆ ತೋರಿಸಿದ. ಸ್ಪೀಡ್ ಕಮ್ಮಿ ಮಾಡಿ ನೋಡಿದ, ಸದ್ದು ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಇವರು ಸುಮ್ನೆ ನಿಂತಿದಾರೆ. ಆಮೇಲೆ ಇನ್ನೊಂದು ಮಾತು, "ಇಲ್ಲಿ ಏನೇನು ಹಿಡಿತ ಇಲ್ದೆ ಹೊರಗೆ ಚಾಚ್ಕೊಂಡಿದೆ, ನೋಡು." ಹುಡುಗ ಆಗ ನೋಡಿದ, ಕೆತ್ತೋ ಟೂಲ್ ಅದನ್ನ ಹಿಡ್ಕೊಂಡಿರೋ ಟೂಲ್ ಪೋಸ್ಟಿಂದ ಬೇಕಾದ್ದಕ್ಕಿಂತ ಜಾಸ್ತಿ ಹೊರಗಿದೆ, ಶಾಫ್ಟಿನ ಆ ಕಡೆ ತುದಿಗೆ ಸಪೋರ್ಟೇ ಇಲ್ಲ. ಟೂಲ್ ಒಳಗೆ ತಳ್ಳಿ ಬಿಗಿ ಮಾಡಿ, ಆಸರೆ ಕೊಡೋ ಟೇಲ್‌ಸ್ಟಾಕ್ ತಂದು ತುದಿಗೆ ಕೊಟ್ಟ, ಮೆಷಿನ್ ಶಾಂತ ಆಯ್ತು. ಮೈಸ್ಟರ್ ಶಭಾಷ್ ಅಂತ ಕೂಡ ಅನ್ಲಿಲ್ಲ, ಸದ್ದು ಯಾಕೆ ನಿಂತ್ತು ಅಂತ ನಿನ್ನ ರಿಪೋರ್ಟ್ ಪುಸ್ತಕದಲ್ಲಿ ಬರಿ ಅಂದು ಹೋದ್ರು.

ಅವರಿಗೆ ಆ ಸದ್ದು ಕೇಳಿದ ಕೂಡ್ಲೇ ಕಾರಣ ಗೊತ್ತಿತ್ತು, ಅದ್ರಲ್ಲಿ ನನಗೆ ಅನುಮಾನವೇ ಇಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಅಷ್ಟೊತ್ತು ನಿಲ್ಲೋದಿದ್ಯಲ್ಲ, ಅದು ಬಹಳ ಕಷ್ಟದ ಕೆಲಸ. ನಮ್ಮ ಕಡೆ ಆಗಿದ್ರೆ ಪ್ರೀತಿಯಿಂದಲೇ "ಸರಿ ಬಿಡೋ, ನಾನ್ ಮಾಡ್ತೀನಿ" ಅಂತ ಹುಡುಗನ್ನ ಪಕ್ಕಕ್ಕೆ ಸರಿಸಿ ಮಾಡಿ ಮುಗಿಸ್ತಿದ್ರು. ಹಿಂದೆ ಗುರು ಮುಂದೆ ಗುರಿ ಅಂತ ಹೇಳ್ಕೊಂಡು ಬಂದಿರೋ ಜನ ನಾವು, ಕೆಲಸದ ಜಾಗದಲ್ಲಿ ಮಾತ್ರ ಗುರು ಅನ್ನೋರು ಗುರಿಗೆ ಅಡ್ಡವಾಗಿ ಮುಂದೇನೇ ನಿಂತಿರ್ತಾರೆ.

ಹಾಗಂತ ಸುಮ್ನೆ ನಿಲ್ಲೋದೇ ಮಾರ್ಗದರ್ಶನ ಅಂತ ನಾನು ಹೇಳ್ತಿಲ್ಲ. ಅದೇ ಹುಡುಗ ಗ್ಲೌಸ್ ಹಾಕ್ಕೊಂಡು, ಶಾಫ್ಟ್ ಹಿಡ್ಕೊಂಡು ತಿರುಗ್ತಿರೋ ಚಕ್ ಹತ್ರ ಕೈ ತಂದಿದ್ರೆ ಮೈಸ್ಟರ್ ಪ್ರಶ್ನೆ ಕೇಳ್ತಾ ಕೂರ್ತಿರ್ಲಿಲ್ಲ, ಎಮರ್ಜೆನ್ಸಿ ಸ್ಟಾಪ್ ಒತ್ತುತಿದ್ರು. ಎಲ್ಲಿ ತಪ್ಪಿದ್ರೆ ಒಂದು ಶಾಫ್ಟ್ ಹಾಳಾಗುತ್ತೆ, ಎಲ್ಲಿ ತಪ್ಪಿದ್ರೆ ಬೆರಳು ಹೋಗುತ್ತೆ ಅನ್ನೋ ವ್ಯತ್ಯಾಸ ಆ ಕ್ಷಣದಲ್ಲೇ ಗೊತ್ತಾಗ್ಬೇಕು, ಅದಕ್ಕೆ ಅನುಭವದ ಜೊತೆ ತರಬೇತಿನೂ ಬೇಕು. ಇಲ್ಲಿ ಮೈಸ್ಟರ್ ಪರೀಕ್ಷೇಲಿ ನಾಲ್ಕು ಭಾಗ ಇದೆ, ಕೈಕೆಲಸ, ಥಿಯರಿ, ವ್ಯವಹಾರ ಮತ್ತು ಕಾನೂನು, ನಾಲ್ಕನೇದು ಬೇರೆಯವರಿಗೆ ಕಲಿಸೋದು ಹೇಗೆ ಅನ್ನೋದು. ಕಂಪನಿಗಳಲ್ಲಿ ಟ್ರೈನಿಂಗ್ ಕೊಡೋರಿಗೂ ಇಂಥದ್ದೇ ಅರ್ಹತೆಯ ನಿಯಮ ಇದೆ. ಜಾಸ್ತಿ ಕಂಪನಿಗಳು ಟ್ರೈನಿಗಳನ್ನ ತಗೊಳ್ಲಿ ಅಂತ 2003ರಲ್ಲಿ ಆ ನಿಯಮವನ್ನ ತಡೆಹಿಡಿದಿದ್ರು, 2009ರಲ್ಲಿ ವಾಪಸ್ ಜಾರಿಗೆ ತಂದ್ರು. ನಮ್ಮಲ್ಲಿ ಕೋಡ್ ಚೆನ್ನಾಗಿ ಬರೆಯೋರನ್ನ, ಡ್ರಾಯಿಂಗ್ ಚೆನ್ನಾಗಿ ಮಾಡೋರನ್ನ ಟೀಮ್ ಲೀಡ್ ಮಾಡ್ಬಿಡ್ತೀವಿ, ಇನ್ನೊಬ್ರಿಗೆ ಕಲಿಸೋದು ಬರುತ್ತಾ ಅಂತ ಯಾರೂ ಕೇಳಲ್ಲ. ಇದು ಆ ಲೀಡ್‌ಗೂ ಅನ್ಯಾಯ, ಅವರ ಕೆಳಗಿರೋರಿಗೂ ಅನ್ಯಾಯ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಜೊತೆಯವರು 1939ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಾಗುತ್ತೆ. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳು, ಮೂರು ಥರದ ಮುಂದಾಳುಗಳು. ಒಬ್ಬ ಪ್ರತಿಯೊಂದನ್ನೂ ಅಪ್ಪಣೆ ಮಾಡ್ತಾನೆ, ಒಬ್ಬ ಹುಡುಗರ ಜೊತೆ ಮಾತಾಡಿ ದಾರಿ ತೋರಿಸ್ತಾನೆ, ಇನ್ನೊಬ್ಬ ಏನಾದ್ರೂ ಮಾಡ್ಕೊಳ್ಳಿ ಅಂತ ಬಿಟ್ಬಿಡ್ತಾನೆ. ಅಪ್ಪಣೆ ಮಾಡೋನು ಎದುರಿಗಿದ್ದಾಗ ಕೆಲಸ ಚೆನ್ನಾಗೇ ಆಗ್ತಿತ್ತು, ಅದನ್ನ ಮುಚ್ಚಿಡ್ಬೇಕಾಗಿಲ್ಲ. ಅವನು ರೂಮಿಂದ ಆಚೆ ಹೋದ್ರೆ ಕೆಲಸ ಕುಸಿತಿತ್ತು, ದಾರಿ ತೋರ್ಸೋನ ಗುಂಪಲ್ಲಿ ಹೆಚ್ಚುಕಮ್ಮಿ ಹಾಗೇ ನಡೀತಿತ್ತು. ಬಿಟ್ಬಿಟ್ಟವನ ಗುಂಪಲ್ಲಿ ಮೊದಲಿಂದಲೂ ಕೆಲಸ ಕಮ್ಮಿನೇ. ಸ್ವಾತಂತ್ರ್ಯ ಕೊಟ್ಟಿದೀನಿ ಅಂತ ಹೇಳಿ ಜೂನಿಯರ್‌ಗಳ ಕಡೆ ತಿರುಗಿಯೂ ನೋಡದ ಮ್ಯಾನೇಜರ್‌ಗಳು ಈ ಮೂರನೇ ಗುಂಪನ್ನ ಮರೀಬಾರದು, ಆ ಥರದವರು ಇಲ್ಲೂ ಬೇಕಾದಷ್ಟು ಇದಾರೆ.

ಇನ್ನೊಂದು ವಿಷಯ, ದಾರಿ ತೋರ್ಸೋರಿಗೆ ಕೆಳಗಿನವರ ಮಾತು ಕಿವಿಗೆ ಬೀಳ್ಬೇಕು. 1977ರ ಮಾರ್ಚ್ 27ಕ್ಕೆ ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್‌ಗೆ ಓಡ್ತಿದ್ದ ವಿಮಾನದ ಕ್ಯಾಪ್ಟನ್ ಬೇರೆ ಪೈಲಟ್‌ಗಳಿಗೇ ತರಬೇತಿ ಕೊಡ್ತಿದ್ದ ದೊಡ್ಡ ಹೆಸರಿನವರು. ಆ ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿಲ್ವಾ ಅಂತ ಫ್ಲೈಟ್ ಇಂಜಿನಿಯರ್ ಕೇಳಿದ್ರು, ಹೋಗಿದೆ ಅಂತ ಖಡಾಖಂಡಿತ ಉತ್ತರ ಬಂತು, ಮತ್ತೆ ಕೇಳೋ ಧೈರ್ಯ ಯಾರಿಗೂ ಬರ್ಲಿಲ್ಲ. ಇಂಥ ಅಪಘಾತಗಳಾದ ಮೇಲೇನೇ ಕಾಕ್‌ಪಿಟ್‌ನಲ್ಲಿ ಕಿರಿಯರು ಬಾಯಿಬಿಟ್ಟು ಹೇಳೋದನ್ನ, ಹಿರಿಯರು ಅದನ್ನ ಕೇಳಿಸ್ಕೊಳ್ಳೋದನ್ನ ತರಬೇತಿಯ ಭಾಗವಾಗೇ ಮಾಡಿದ್ದು. ನಮ್ಮ ಕಡೆ ಟೀಮ್ ಜೊತೆ ಕಾಲ್‌ನಲ್ಲಿ ನಾನು "ನಿಂಗೇನನ್ಸುತ್ತೆ ಮೊದಲು ಹೇಳಪ್ಪ" ಅಂದ್ರೆ "ನೀವು ಹೇಳಿದ ಹಾಗೇ ಮಾಡೋಣ ಸರ್" ಅಂತಾರೆ. ಬುದ್ಧಿವಂತ ಮಕ್ಕಳು, ಡ್ರಾಯಿಂಗಲ್ಲಿ ಟಾಲರೆನ್ಸ್, ಅಂದ್ರೆ ಅಳತೆ ಎಷ್ಟು ಹೆಚ್ಚುಕಮ್ಮಿ ಇರ್ಬಹುದು ಅನ್ನೋದು, ತಪ್ಪಿದ್ರೆ ಕಣ್ಣಿಗೆ ಬಿದ್ದೇ ಬಿದ್ದಿರುತ್ತೆ, ಸೀನಿಯರ್ ಹಾಕಿದ್ದು ಅಂತ ಸುಮ್ನಿರ್ತಾರೆ. ಕಾಲ್ ಮುಗಿದ ಮೇಲೆ ಒಬ್ಬೊಬ್ರನ್ನೇ ಮಾತಾಡಿಸಿದ್ರೆ ಎಲ್ಲ ಹೊರಗೆ ಬರುತ್ತೆ.

ಇಲ್ಲಿಯದೇ ಎಲ್ಲ ಸರಿ ಅಂತಲ್ಲ. ನಮ್ಮ ಹಿರಿಯರು ಹುಡುಗ ಸಪ್ಪಗಿದ್ರೆ ಗಮನಿಸ್ತಾರೆ, ಮನೇಲಿ ಏನಾದ್ರೂ ತೊಂದ್ರೆನಾ ಅಂತ ಕೇಳ್ತಾರೆ, ಕೆಲಸ ಬಿಟ್ಟು ಹೋದ ಮೇಲೂ ಅವನ ಬಗ್ಗೆ ವಿಚಾರಿಸ್ತಾರೆ. ಇಲ್ಲಿ ಸಂಜೆ ಕೆಲಸ ಮುಗೀತು ಅಂದ್ರೆ ನೀನ್ಯಾರೋ ನಾನ್ಯಾರೋ, ಭಾಷೆ ಇನ್ನೂ ಸರಿಯಾಗಿ ಬರದ ಹೊಸಬರು ಮೈಸ್ಟರ್‌ನ ಮೌನವನ್ನ ಸಿಟ್ಟು ಅಂತ ತಿಳ್ಕೊಂಡು ಒಳಗೊಳಗೇ ಕುಗ್ಗಿಹೋಗ್ತಾರೆ, ಅದನ್ನ ಕಣ್ಣಾರೆ ನೋಡಿದೀನಿ. ಆ ಅಕ್ಕರೆ ನಮ್ಮವರಲ್ಲಿ ಈಗಾಗ್ಲೇ ಇದೆ. ಅದರ ಜೊತೆಗೆ ಸ್ವಲ್ಪ ಕೈ ಹಿಂದೆ ಕಟ್ಕೊಳ್ಳೋ ತಾಳ್ಮೆ ಸೇರ್ಬೇಕು ಅಷ್ಟೆ.

ತಾಳ್ಮೆಗೆ ಟೈಮ್ ಎಲ್ಲಿದೆ, ಡೆಡ್‌ಲೈನ್ ತಲೆ ಮೇಲಿದೆ ಅಂತ ಲೀಡ್‌ಗಳು ಹೇಳ್ತಾರೆ, ಅದು ನಿಜವಾದ ಕಷ್ಟ, ಅವರೊಬ್ಬರ ಕೈಲಿ ಬಗೆಹರಿಯೋದೂ ಅಲ್ಲ. ಪ್ಲಾನ್ ಮಾಡೋ ಮ್ಯಾನೇಜರ್‌ಗಳು ಕಲಿಸೋಕೆ ಬೇಕಾದ ಗಂಟೆಗಳನ್ನ ಶೆಡ್ಯೂಲ್‌ನಲ್ಲೇ ಸೇರಿಸ್ಬೇಕು, ಪ್ರಮೋಷನ್ ಟೈಮಲ್ಲಿ ಈ ಮನುಷ್ಯ ಎರಡು ವಾರ ರಜೆ ಹೋದ್ರೆ ಇವರ ಟೀಮಲ್ಲಿ ಯಾರ್ಯಾರು ಏನೇನು ತಾವೇ ನಿಭಾಯಿಸ್ತಾರೆ ಅಂತ ಕೇಳ್ಬೇಕು.