ದುಡ್ಡು ಮುಗಿದರೆ ಯುದ್ಧ ನಿಲ್ಲುತ್ತಾ?

ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಆಗಾಗ ಸುತ್ತುತ್ತದೆ: ಯುದ್ಧ ಮಾಡುತ್ತಿರುವ ದೇಶದ ಮೇಲೆ ನಿರ್ಬಂಧ ಹಾಕಿದ್ದಾರೆ, ಅದರ ಖಜಾನೆ ಖಾಲಿ, ಎರಡು ವಾರದಲ್ಲಿ ಯುದ್ಧ ಮುಗಿದು ಗೊಬ್ಬರದ ರೇಟು ಇಳಿಯುತ್ತದೆ. ಕಳಿಸುವವರ ಆತಂಕ ನಿಜವೇ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಹೊರದೇಶದಿಂದಲೇ ಬರಬೇಕು, ಅಲ್ವಾ? ಆದರೆ ಈ ಲೆಕ್ಕ ತಪ್ಪು.

ಇರಾನ್–ಇರಾಕ್ ಯುದ್ಧ ಶುರುವಾಗಿದ್ದು 1980ರಲ್ಲಿ. ಒಬ್ಬರ ಎಣ್ಣೆ ಹಡಗಿನ ಮೇಲೆ ಇನ್ನೊಬ್ಬರು ದಾಳಿ ಮಾಡಿದರು. 1986ರಲ್ಲಿ ಇಬ್ಬರ ಮುಖ್ಯ ಆದಾಯವಾದ ಕಚ್ಚಾ ತೈಲದ ಬೆಲೆಯೇ ಕುಸಿಯಿತು. ಆದರೂ ಕಾದಾಟ ನಿಂತಿದ್ದು 1988ರಲ್ಲಿ. ಸರ್ಕಾರಗಳು ಸಾಲ ತರುತ್ತವೆ, ನೋಟು ಅಚ್ಚು ಹಾಕುತ್ತವೆ, ಜನರ ಊಟದಲ್ಲೇ ಕಡಿತ ಮಾಡುತ್ತವೆ. ಹಣದ ಬಿಗಿ ಯುದ್ಧವನ್ನು ಕುಗ್ಗಿಸಬಹುದು, ಆದರೆ ಎಷ್ಟು ದಿನಕ್ಕೆ ಅಂತ ಹೇಳಲಾಗದು.

ಮೆಸೇಜ್ ಬಂದರೆ ತಾರೀಖು ಇದೆಯಾ ನೋಡಿ. ಒಂದು ಸಾಲನ್ನು ಗೂಗಲ್‌ನಲ್ಲಿ ಹುಡುಕಿ, ಹಳೇದಾಗಿದ್ದರೆ ಗೊತ್ತಾಗುತ್ತದೆ. ಮೆಸೇಜ್‌ನಲ್ಲಿ ಹೇಳಿದ ದೇಶ ಎಣ್ಣೆ ಇನ್ನೂ ಮಾರುತ್ತಿದೆಯಾ, ಎರಡು ಪತ್ರಿಕೆಗಳಲ್ಲಿ ಓದಿ. ಗೊಬ್ಬರದ ರೇಟನ್ನು ಸೊಸೈಟಿಯಲ್ಲೇ ಕೇಳಿ.